ಮಾಲೆ ಮುಟ್ಟಿದ ಮೇಲೆ

ಮಗಳೇ, ಮಾಲ್ದೀವ್ಸ್‌ನಲ್ಲಿ ಟೀಚರ್ ಕೆಲಸ ಸಿಕ್ಕಿತೆಂದು ಹೇಳುತ್ತಾ ‘ಬೆಂಗಳೂರಿಂದ ಎರಡೇ ಗಂಟೆ ದಾರಿ’ ಅಂದೆಯಲ್ಲ, ಅದು ರಾಜಧಾನಿ ಮಾಲೆಯವರೆಗಿನ ಲೆಕ್ಕ. ನಿನ್ನ ಶಾಲೆ ಇರುವುದು ದಕ್ಷಿಣದ ಹುವಧು ದ್ವೀಪಗಳ ಸಾಲಿನಲ್ಲಿ, ಸಮಭಾಜಕ ವೃತ್ತದ ಹತ್ತಿರ. ಮಾಲೆಯಿಂದ ಕೂಡ್ಡೂಗೋ ಕಾಡೆದ್ದೂಗೋ ಇನ್ನೊಂದು ಸಣ್ಣ ವಿಮಾನ, ಅಲ್ಲಿಂದ ಸ್ಪೀಡ್‌ಬೋಟ್. ಹೊಸಬರು ಸೋಲುವುದು ಈ ಕೊನೆಯ ತುಂಡಿನಲ್ಲೇ.

ಟಿಕೆಟ್ ತೆಗೆಸುವ ಮೊದಲೇ ಶಾಲೆಯವರನ್ನು ಕೇಳು: ಯಾರು ಎದುರುಗೊಳ್ಳುತ್ತಾರೆ, ಒಳವಿಮಾನದ ದುಡ್ಡು ಯಾರದು, ಕೊನೆಯ ದೋಣಿ ಎಷ್ಟಕ್ಕೆ? ಉತ್ತರವನ್ನು ಬರಹದಲ್ಲೇ ಪಡೆದುಕೋ. ಶುಕ್ರವಾರ ಇಳಿಯಬೇಡ, ಅಂದು ಅಲ್ಲಿ ರಜೆ, ದೋಣಿಗಳೂ ಕಡಿಮೆ. ಸಣ್ಣ ವಿಮಾನದಲ್ಲಿ ಲಗೇಜಿನ ಮಿತಿಯೂ ಕಡಿಮೆ. ಅಮ್ಮ ಕಟ್ಟಿಕೊಡುವ ಹಪ್ಪಳ, ಚಟ್ನಿಪುಡಿ, ಸಾರಿನಪುಡಿಯನ್ನೆಲ್ಲ ಆ ತೂಕದೊಳಗೇ ಹೊಂದಿಸಬೇಕು.

ನಮ್ಮ ಮುಂಗಾರಿನ ಆಸುಪಾಸಿನಲ್ಲಿ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಅಲ್ಲೂ ನೈರುತ್ಯದ ಗಾಳಿ. ಕಡಲು ಕೆರಳಿರುತ್ತದೆ. ಬೋಟಿನ ಮುಂದೆ ಕೂತರೆ ಪ್ರತಿ ಅಲೆಗೂ ಬೆನ್ನುಮೂಳೆ ಕುಟ್ಟಿದ ಹಾಗಾಗುತ್ತದೆ, ಹಿಂದಿನ ಸೀಟು ಹಿಡಿ. ನಾನು ಮೊದಲ ಸಲ ಹೊಟ್ಟೆ ತುಂಬ ಉಂಡು ಹತ್ತಿ, ದಡ ಸೇರುವವರೆಗೂ ವಾಂತಿ ಮಾಡಿಕೊಂಡಿದ್ದೆ. ನೀನು ಎರಡು ಇಡ್ಲಿಯಷ್ಟು ತಿಂದುಕೋ, ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಇಟ್ಟುಕೋ. ನೀರು ಬೋಟಿನೊಳಕ್ಕೂ ಎರಚುತ್ತದೆ. ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ನೇಮಕದ ಪತ್ರ ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೆಗಲಿನ ಚೀಲದಲ್ಲೇ ಇಡು. ಸರ್ಟಿಫಿಕೇಟುಗಳ ದೃಢೀಕರಣ ಇಲ್ಲೇ ಮುಗಿಸಿಕೊಂಡು ಹೋಗು. ಆ ದ್ವೀಪದಲ್ಲಿ ಕೂತು ಮಾಡಿಸುವ ಕೆಲಸವಲ್ಲ ಅದು.

ಇನ್ನೊಂದು ಮಾತು, ಇದನ್ನು ಖಂಡಿತವಾಗಿ ಹೇಳುತ್ತೇನೆ. ಭಾರತೀಯರಿಗೆ ಅಲ್ಲಿ ಇಳಿದ ಕೂಡಲೇ 90 ದಿನದ ಪ್ರವಾಸಿ ವೀಸಾ ಸಿಗುತ್ತದೆ. ‘ಅದರಲ್ಲೇ ಬಂದುಬಿಡಿ, ಆಮೇಲೆ ನೋಡೋಣ’ ಎಂದು ಯಾವ ಏಜೆಂಟ್ ಹೇಳಿದರೂ ಒಪ್ಪಬೇಡ. ಕೆಲಸದ ಅನುಮತಿ ಪತ್ರ ಕೈಗೆ ಬರದೆ ಮನೆ ಬಿಡಬೇಡ. ಸಂಬಳ ರುಫಿಯಾದಲ್ಲೋ ಡಾಲರಿನಲ್ಲೋ ಅದನ್ನೂ ಈಗಲೇ ಕೇಳು. ರುಫಿಯಾ ಕೊಟ್ಟು ಬ್ಯಾಂಕಿನಲ್ಲಿ ಡಾಲರ್ ಪಡೆಯುವುದು ಅಲ್ಲಿ ಸುಲಭವಲ್ಲ, ಊರಿಗೆ ಹಣ ಕಳಿಸುವಾಗ ಅದರ ಬಿಸಿ ಗೊತ್ತಾಗುತ್ತದೆ.

ಅಜ್ಜಿ ಕೊಟ್ಟ ಬೆಳ್ಳಿ ಗಣಪನನ್ನು ಮನೆಯ ದೇವರ ಗೂಡಿನಲ್ಲೇ ಬಿಡು. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ನಿದ್ದೆಯ, ನೋವಿನ ಕೆಲವು ಮಾತ್ರೆಗಳಿಗೂ ಕಟ್ಟುನಿಟ್ಟಿದೆ, ಡಾಕ್ಟರ ಚೀಟಿ ಜೊತೆಗಿರಲಿ. ರಂಜಾನಿನ ಹಗಲಲ್ಲಿ ಹೊರಗೆ ಏನನ್ನೂ ತಿನ್ನಬೇಡ, ಕುಡಿಯಬೇಡ. ಯಾರಾದರೂ ಪೆಟ್ಟಿಗೆ ಎತ್ತಿಕೊಟ್ಟರೆ ‘ಶುಕುರಿಯ್ಯಾ’ ಅನ್ನು, ಅವರ ದಿವೇಹಿ ಮಾತಿನಲ್ಲಿ ಧನ್ಯವಾದ ಅಂತ.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ದ್ವೀಪ ಮುಟ್ಟಿದ ಮೇಲೆ ಫೋನ್ ಮಾಡು, ನಾನು ಎದ್ದೇ ಇರುತ್ತೇನೆ.