ಕೊಲೆಸ್ಟ್ರಾಲ್ ಮಾತ್ರೆ ಮತ್ತು ಹಿಮ್ಮಡಿ ನೋವು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ತೆಂಗು, ಅಡಿಕೆ, ಈರುಳ್ಳಿ ಎಂದು ದಿನವಿಡೀ ಓಡಾಡುವ ಹಿರಿಯರಿಗೊಂದು ಮಾತು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆ ನುಂಗುವವರಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿ ನೋಯತೊಡಗಿದರೆ ಮಾತ್ರೆಯ ಮೇಲೆ ಅನುಮಾನ ಬರುವುದು ಸಹಜ. ಫ್ರಾನ್ಸಿನ ವೈದ್ಯರು ಈ ಮಾತ್ರೆ ನುಂಗುವವರಲ್ಲಿ 1990ರಿಂದ 2005ರವರೆಗೆ ಕಂಡ ಸ್ನಾಯುರಜ್ಜು ತೊಂದರೆಯ 96 ಪ್ರಕರಣಗಳನ್ನು 2008ರಲ್ಲಿ ವರದಿ ಮಾಡಿದ್ದರು. ಅರ್ಧಕ್ಕೂ ಹೆಚ್ಚು ಹಿಮ್ಮಡಿಯವೇ. ಆದರೆ ಮಾತ್ರೆಯೇ ಕಾರಣವೆಂದು ಅದರಿಂದ ಸಾಬೀತಾಗಲಿಲ್ಲ; ಆಮೇಲಿನ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. ವಿಚಿತ್ರವೆಂದರೆ, ಅತಿಯಾದ ಕೊಲೆಸ್ಟ್ರಾಲ್ ತಾನೇ ರಜ್ಜುವಿನೊಳಗೆ ಗಂಟುಕಟ್ಟಿ ಅದನ್ನು ಕೆಡಿಸಬಲ್ಲದು.

ಹಾಗಾಗಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರು. ಕಾಲಿಗೆ ವಿಶ್ರಾಂತಿ ಕೊಟ್ಟು ವೈದ್ಯರಿಗೆ ತೋರಿಸಿ. ಬೇರೇನು ನುಂಗಿದ್ದೀರೋ ಅದನ್ನೂ ಹೇಳಿ, ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಸಹ. ನನ್ನ ಅನುಮಾನ ಮೊದಲು ಹೋಗುವುದು ಅದರ ಮೇಲೆಯೇ: ಅದರಿಂದ ರಜ್ಜು ಹರಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದಾರೆ. ಸ್ಟೀರಾಯ್ಡ್, ಸಕ್ಕರೆ ಕಾಯಿಲೆಯನ್ನೂ ಮುಚ್ಚಿಡಬೇಡಿ. ಟಪ್ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ, ಎಣ್ಣೆ ತಿಕ್ಕಿಸುತ್ತ ಕೂರದೆ ಅವತ್ತೇ ಮೂಳೆ ವೈದ್ಯರ ಬಳಿ ಹೋಗಿ. ಮೈಕೈ ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರಂತೂ ತಡ ಮಾಡುವಂತೆಯೇ ಇಲ್ಲ. ಅದು ಸ್ನಾಯುವಿನ ಬೇರೆಯೇ ತೊಂದರೆ.