ದೇಹದ ಭಾರವೂ ನಾಲಿಗೆಯ ಭಾರವೂ

ಪಾಠಭಾಗ: 1 ಸಮುವೇಲ 16:7, 1 ಕೊರಿಂಥ 6:19, 20.

ಯಲಹಂಕ ಸೀಮೆಯ ಒಂದು ಚಿಕ್ಕ ಸಭೆಯಲ್ಲಿ ನಾವು ಒಮ್ಮೆ ಹೊಟ್ಟೆಬಾಕತನವನ್ನು ಕುರಿತು ಪ್ರಸಂಗಮಾಡುತ್ತಾ, ಸ್ಥೂಲದೇಹಿಗಳು ತಮ್ಮ ಪಾಪವನ್ನು ಮೈಮೇಲೆಯೇ ಹೊತ್ತು ತಿರುಗುತ್ತಾರೆಂದು ಹೇಳಿಬಿಟ್ಟೆವು. ಕೆಲವರು ನಕ್ಕರು. ಹಿಂದೆ ಕೂತಿದ್ದ ಒಬ್ಬ ಸಹೋದರಿಯು ತಲೆ ತಗ್ಗಿಸಿದಳು. ಮುಂದಿನ ಮೂರು ಆದಿತ್ಯವಾರ ಆರಾಧನೆಗೆ ಬರಲಿಲ್ಲ. ನಾವು ಮನೆಗೆ ಹೋಗಿ ವಿಚಾರಿಸಲು, ಆಕೆ ದಿನಕ್ಕೆ ಎರಡೇ ಹೊತ್ತು ಉಣ್ಣುವಳೆಂದು ತಿಳಿದು ನಾಚಿದೆವು. ಆ ತಪ್ಪಿನ ಅರಿಕೆಯಾಗಿ ಈ ಪಾಠವನ್ನು ಬರೆಯುತ್ತೇವೆ.

1. ಕೊಬ್ಬು ದೇಹದ ಕಣಜವಾಗಿದೆ. ಉಂಡದ್ದರಲ್ಲಿ ವೆಚ್ಚವಾಗದೆ ಉಳಿದದ್ದನ್ನು ದೇಹವು ಬರಗಾಲಕ್ಕಾಗಿ ಅಲ್ಲಿ ಕೂಡಿಡುತ್ತದೆ. ಹೆಬ್ಬಾಳ, ಜಕ್ಕೂರು, ಯಲಹಂಕಗಳ ಹಿರಿಯರು ಮುದ್ದೆ ಉಂಡು ಹೊಲ ಉತ್ತರು, ಕಳೆ ಕಿತ್ತರು, ನೀರು ಸೇದಿದರು, ಕೂಡಿದ್ದು ಕರಗುತ್ತಿತ್ತು. ಈಗ ಹೊಲಗಳು ಬಡಾವಣೆಗಳಾಗಿವೆ. ಮಕ್ಕಳು ಕಾವಲು ಕೆಲಸದಲ್ಲಿಯೂ ವಾಹನ ನಡಿಸುವದರಲ್ಲಿಯೂ ಹಗಲೆಲ್ಲಾ ಕೂತಿರುತ್ತಾರೆ. ಸಕ್ಕರೆಯ ಚಹವೂ ಬೇಕರಿಯ ತಿಂಡಿಯೂ ಕೈಗೆಟಕುವಷ್ಟು ಹತ್ತಿರದಲ್ಲಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರುಷದ ಸ್ತ್ರೀಯರೊಳಗೆ ಅಧಿಕ ತೂಕದವರು 2015–16ರಲ್ಲಿ ನೂರಕ್ಕೆ 23 ಮಂದಿ. 2019–21ರಲ್ಲಿ 30 ಮಂದಿ. ಇಷ್ಟು ಸ್ವಲ್ಪ ಕಾಲದಲ್ಲಿ ನಾಡೇ ಹೊಟ್ಟೆಬಾಕವಾಯಿತೆನ್ನಬಹುದೋ? ಇಲ್ಲ, ಬದುಕಿನ ರೀತಿಯೇ ಬದಲಾಗುತ್ತಿದೆ.

2. ದೇಹವು ತನ್ನ ಕಣಜವನ್ನು ಕಾಯುತ್ತದೆ. 1994ರಲ್ಲಿ ಜೆಫ್ರಿ ಫ್ರೀಡ್ಮನ್ ಎಂಬ ವಿದ್ವಾಂಸನೂ ಆತನ ಸಂಗಡಿಗರೂ ಲೆಪ್ಟಿನ್ ಎಂಬ ರಸದ ಮೂಲವನ್ನು ಕಂಡುಹಿಡಿದರು. ಕೊಬ್ಬು ಈ ರಸವನ್ನು ರಕ್ತದ ಮೂಲಕ ಮಿದುಳಿಗೆ ಕಳುಹಿಸಿ, ಕಣಜ ತುಂಬಿದೆಯೆಂದು ತಿಳಿಸುತ್ತದೆ. ಕೊಬ್ಬು ಕರಗಿದಾಗ ರಸವೂ ಕಡಿಮೆಯಾಗುತ್ತದೆ. ಆಗ ಹಸಿವು ಹೆಚ್ಚುತ್ತದೆ, ದೇಹವು ವೆಚ್ಚವನ್ನು ಬಿಗಿಹಿಡಿಯುತ್ತದೆ. ಆದಕಾರಣ ಇಳಿದ ತೂಕ ತಿರಿಗಿ ಏರಿದರೆ ಅದನ್ನು ಮನಸ್ಸಿನ ಬಲಹೀನತೆಯೆಂದು ಹಳಿಯಬಾರದು. ವಂಶಗುಣ, ನಿದ್ರೆಗೇಡು, ಕೆಲವು ಔಷಧಗಳು ಸಹ ತೂಕವನ್ನು ಏರಿಸುತ್ತವೆ.

3. ಹೊರತೋರಿಕೆಯು ಮೋಸಗೊಳಿಸುತ್ತದೆ. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ವೈದ್ಯ ಯುಡ್ಕಿನರೂ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರಿಗೂ ಒಂದೇ. ಆದರೆ ಕೊಬ್ಬು ಒಬ್ಬರಲ್ಲಿ ನೂರಕ್ಕೆ 21 ಪಾಲು, ಇನ್ನೊಬ್ಬರಲ್ಲಿ 9 ಪಾಲು. ಹೆಚ್ಚು ಕೊಬ್ಬಿದ್ದದ್ದು ನಮ್ಮ ದೇಶದವರಲ್ಲಿ. ಆದ್ದರಿಂದ ತೆಳ್ಳಗಿರುವವರೂ ಹಿಗ್ಗದೆ ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಲಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಸಕ್ಕರೆರೋಗ, ರಕ್ತದೊತ್ತಡಗಳ ಅಪಾಯ ಹೆಚ್ಚು.

4. ಮಾಡತಕ್ಕದ್ದು. ತೂಕದಲ್ಲಿ ನೂರಕ್ಕೆ ಐದು ಪಾಲು, ಅಂದರೆ 70 ಕಿಲೋದವರು ಮೂರೂವರೆ ಕಿಲೋ ಇಳಿದರೂ ದೇಹಕ್ಕೆ ಪ್ರಯೋಜನವುಂಟು. ವಾರದಲ್ಲಿ ಐದು ದಿನ ಅರ್ಧ ತಾಸು ಚುರುಕಾಗಿ ನಡೆಯಿರಿ. ಜಕ್ಕೂರು ಕೆರೆಯ ದಂಡೆಗೆ ಹಣ ಕೊಡಬೇಕಾಗಿಲ್ಲ. ಸೊಪ್ಪುತರಕಾರಿಗಳನ್ನು ಹೆಚ್ಚಿಸಿರಿ, ಮುದ್ದೆಯನ್ನು ಕಿರಿದುಮಾಡಿರಿ. ರಾಗಿಯಾದರೂ ಮಿತಿಮೀರಿದರೆ ಕಣಜಕ್ಕೇ ಸೇರುವದು. ಸಕ್ಕರೆರೋಗಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಪ್ರೀತಿಭೋಜನದಲ್ಲಿ ಸಾಕೆಂದವರಿಗೆ ಬಲವಂತದಿಂದ ಬಡಿಸಬೇಡಿರಿ.

ದೇಹವು ದೇವರ ಆಲಯವೆಂದು ಅಪೊಸ್ತಲನು ಕಲಿಸುತ್ತಾನೆ. ಆಲಯವನ್ನು ಜೋಪಾನಮಾಡುವದು ಧರ್ಮ; ನೆರೆಯವನ ಆಲಯವನ್ನು ಕಂಡು ನಗುವದು ಧರ್ಮವಲ್ಲ. ನಾವು ಸಭೆಯ ಮುಂದೆಯೇ ಆ ಸಹೋದರಿಯ ಕ್ಷಮೆ ಕೇಳಿದೆವು. ಆಕೆ ಈಗ ಇಬ್ಬರು ನೆರೆಯವರ ಸಂಗಡ ಸಂಜೆ ನಡೆಯುತ್ತಾಳೆ, ಆರಾಧನೆಗೂ ಬರುತ್ತಾಳೆ. ತೂಕ ಇಳಿಯಿತೋ ಎಂದು ನಾವು ಕೇಳಲಿಲ್ಲ.

ಪ್ರಶ್ನೆಗಳು: (1) ಇಳಿದ ತೂಕ ತಿರಿಗಿ ಏರುವದು ಯಾಕೆ? (2) ತೆಳ್ಳಗಿರುವವನು ನಿಶ್ಚಿಂತನಾಗಿರಬಹುದೋ? (3) ನಮ್ಮ ಮಾತಿನಿಂದ ಸಭೆಗೆ ದೂರವಾದವರು ಯಾರಾದರೂ ಉಂಟೋ?