ಸಮ್ಮಿನ ಮೇಲೆ ಯಾವ ಅಕ್ಷರ?

ನೇಕಾರರ ಊರಾದ ರಬಕವಿಯಿಂದ ಬಂದವರು ಅಂದ ಕೂಡಲೇ ಧಾರವಾಡದಲ್ಲಿ ಬಹಳ ಮಂದಿ ಒಂದೇ ಮಾತು ಆಡುತ್ತಿದ್ದರು: ‘ಹಂಗಾದ್ರ ಮಗ್ಗದ ಸಪ್ಪಳದಾಗನ ತಾಳ ಕಲ್ತೀರಿ ಬಿಡ್ರಿ.’ ಕೇಳಲು ಚೆಂದ, ಆದರೆ ನಿಜವಲ್ಲ. ಪಾವರಲೂಮಿಗೆ ಲಯ ಉಂಟು, ಸಮ್ ಇಲ್ಲ. ಅದರ ಎಲ್ಲ ಪೆಟ್ಟೂ ಒಂದೇ ತೂಕದವು. ತಾಳದಲ್ಲಿ ಹಾಗಲ್ಲ, ಆವರ್ತನದ ಮೊದಲ ಪೆಟ್ಟು ಹಿರಿಯದು, ಅದೇ ಸಮ್. ಆ ಹಿರಿಯ ಪೆಟ್ಟಿಗೆ ಹಾಡಿನ ಯಾವ ಅಕ್ಷರ ಕೊಡಬೇಕು ಎಂಬುದೇ, ರಾಗ ಸಂಯೋಜನೆಯ ಆಸೆ ಹೊತ್ತು ಹೋದ ನನಗೆ ಸಿಕ್ಕ ಮುಖ್ಯ ಪಾಠ.

ನಾನು ಕಲಿತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗವೆಂದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರ ಹೆಸರು ಬೆಸೆದುಕೊಂಡ ಜಾಗ. ಅಲ್ಲಿ ಹಾಡುವವರು ತಯಾರಾಗುತ್ತಾರೆ. ಯುರೋಪಿನಲ್ಲಿರುವಂತೆ ಬರೀ ರಚನೆಗೊಂದು ಪದವಿ ಎಂಬುದು ಹಿಂದೂಸ್ತಾನಿಯ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹಳೆಯ ಬಂದಿಶು, ಅಂದರೆ ಕಟ್ಟಿಟ್ಟ ಹಾಡು, ಬಾಯಿಪಾಠ ಮಾಡು, ಭಾತಖಂಡೆ ಸ್ವರಲಿಪಿಯಲ್ಲಿ ತೀನತಾಲದ ಹದಿನಾರು ಮನೆಗಳಿಗೆ ಹಂಚಿ ಬರೆ, ಬಿಚ್ಚಿ ನೋಡು. ಕಟ್ಟುವ ವಿದ್ಯೆ ಅಲ್ಲೇ ಅಡಗಿದೆ.

ಹಾಗೆ ಬಿಚ್ಚುವಾಗ ಕಂಡದ್ದು: ಬ್ರಜ ಭಾಷೆಯ ಬಂದಿಶುಗಳಲ್ಲಿ ಆಕಾರ, ಈಕಾರಗಳು ಧಾರಾಳ, ಎಷ್ಟು ಬೇಕಾದರೂ ಎಳೆಯಬಹುದು. ನಮ್ಮ ಕನ್ನಡದ ಮಾತು ಬಹಳ ಸಲ ಗಿಡ್ಡ ‘ಉ’, ‘ಎ’ಗಳಲ್ಲಿ ಮುಗಿಯುತ್ತದೆ, ನಡುವೆ ಒತ್ತಕ್ಷರ ಬೇರೆ. ಹಿಂದಿ ಬಂದಿಶಿನ ಧಾಟಿಗೆ ವಚನ ತುರುಕಿದರೆ ಬಾಲದ ಅಕ್ಷರ ಸಮ್ಮಿನ ಮೇಲೆ ಬಂದು ಬೀಳುತ್ತದೆ. ಗಾಯಕರು ಅದನ್ನೇ ಎಳೆದೂ ಎಳೆದೂ ಶಬ್ದದ ಮುಖ ಕೆಡಿಸುತ್ತಾರೆ. ಇಂಥ ವಚನಗಾಯನ ನಮ್ಮಲ್ಲಿ ಬೇಕಾದಷ್ಟಿದೆ.

ದಾರಿ ತೋರಿಸಿದ್ದು ವಚನಗಳ ಕೊನೆಗೆ ಬರುವ ಅಂಕಿತಗಳು. ಮಧ್ಯಲಯದ ತೀನತಾಲದಲ್ಲಿ ಹಾಡಿನ ಎತ್ತುಗಡೆಯಾದ ಮುಖಡಾ ಎಷ್ಟೋ ಸಲ ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ, ಏಳುತ್ತದೆ. ‘ಕೂಡಲಸಂಗಮದೇವ’ ಎಂಬುದನ್ನು ಅಲ್ಲಿಂದ ಹಿಡಿದು ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದರಂತೆ ಎಣಿಸಿ ನೋಡಿ: ‘ಕೂ’ ಎರಡು, ‘ಡಲ’ ಎರಡು, ‘ಸಂ’ ಎರಡು, ‘ಗಮ’ ಎರಡು. ಎಂಟು ಮುಗಿಯಿತು; ‘ದೇ’ ನೇರವಾಗಿ ಸಮ್ಮಿಗೆ! ‘ಚೆನ್ನಮಲ್ಲಿಕಾರ್ಜುನ’ವನ್ನು ಹನ್ನೊಂದನೆಯ ಮಾತ್ರೆಯಿಂದ ಎತ್ತಿದರೆ ‘ಕಾ’ ಸಮ್ಮಿಗೆ ಬರುತ್ತದೆ. ‘ಗುಹೇಶ್ವರ’ಕ್ಕೆ ಹದಿನಾರನೆಯ ಮಾತ್ರೆಯೊಂದೇ ಸಾಕು, ‘ಗು’ ಎನ್ನುವಷ್ಟರಲ್ಲಿ ‘ಹೇ’ ಬಂತು. ಬಸವಣ್ಣ, ಅಕ್ಕ, ಅಲ್ಲಮರು ತೀನತಾಲ ಲೆಕ್ಕ ಹಾಕಿ ಅಂಕಿತ ಇಟ್ಟರು ಅಂತ ನಾನೇನೂ ಹೇಳುತ್ತಿಲ್ಲ. ಕನ್ನಡದ ಉಸಿರಿಗೆ ಅದರದ್ದೇ ಅಳತೆಯಿದೆ, ತಾಳವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು, ಇಷ್ಟೇ.

ರಜೆಗೆ ಊರಿಗೆ ಬಂದಾಗ ಶ್ರೀಕೃಷ್ಣ ಪಾರಿಜಾತದ ಪದಗಳನ್ನೂ ಸ್ವರಲಿಪಿಗೆ ಇಳಿಸಿದೆ. ಕುಲಗೋಡ ತಮ್ಮಣ್ಣನ ಈ ಆಟ ನಮ್ಮ ಕಡೆ ರಾತ್ರಿಯಿಡೀ ಜನರನ್ನು ಕೂರಿಸುತ್ತದೆ. ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಇವತ್ತಿಗೂ ಹಿರಿಯರ ಬಾಯಲ್ಲಿದೆ. ಕಾಗದದ ಮೇಲೆ ನೋಡಿದರೆ ಒಂದೊಂದು ಪದದಲ್ಲಿ ಐದಾರು ಸ್ವರ, ಅಷ್ಟೇ. ಆದರೆ ಜಗಳ ತೆಗೆಯುವ ಶಬ್ದವೇ ಪೆಟ್ಟಿನ ಮೇಲೆ ಕೂತಿರುತ್ತದೆ, ಎದುರಿನ ಪಾತ್ರಕ್ಕೆ ಚಾಟಿ ಬೀಸಿದ ಹಾಗೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ದೇವಾಸದಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ ಮಾಳವದ ಜನಪದ ಹಾಡು ಕೇಳಿ, ಮುಂದೆ ಅಂಥ ಧಾಟಿಗಳಿಂದಲೇ ಹೊಸ ರಾಗ ಹುಟ್ಟಿಸಿದರು. ನಮಗೆ ಮಾಳವದವರೆಗೆ ಹೋಗುವ ಕೆಲಸವೇ ಇಲ್ಲ, ಪಾರಿಜಾತ ಮನೆ ಬಾಗಿಲಲ್ಲೇ ಇದೆ.

ಇನ್ನೊಂದು ಮಾತು, ಕಲಿಯಲು ಹೊರಟವರಿಗೆ. ಕಟ್ಟಿದ್ದನ್ನು ಬೇರೆಯವರ ಕೈಲಿ ಹಾಡಿಸಬೇಕು. ‘ಕಾಳಿ ಒಂದು’ ಪಟ್ಟಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿ ಮನೆಯ ಶ್ರುತಿಯಲ್ಲಿ, ಹಾಡುವ ನನಗೆ ಹಗುರಾದ ಅಂತರಾ (ಬಂದಿಶಿನ ಎರಡನೆಯ ಭಾಗ), ‘ಕಾಳಿ ನಾಲ್ಕು’ ಹಿಡಿಯುವ ಹುಡುಗಿಯ ಕೊರಳಲ್ಲಿ ಬೇರೆಯೇ ಜಾಗದಲ್ಲಿ ಉಸಿರು ಕೇಳುತ್ತದೆ.

ಮತ್ತೆ ವಚನಕ್ಕೆ ಬಂದರೆ, ಅದರ ಸಾಲುಗಳೋ ಒಂದು ಗೇಣು, ಒಂದು ಮಾರು. ಅದಕ್ಕೇ ನಾನೀಗ ನಡುವಿನ ಸಾಲುಗಳನ್ನು ತಾಳವಿಲ್ಲದೆ, ಆಲಾಪದ ಹಾಗೆ ಬಿಟ್ಟು, ಅಂಕಿತಕ್ಕೆ ಮಾತ್ರ ತಬಲಾದ ಠೇಕಾ ಹಿಡಿಸುತ್ತೇನೆ. ತಬಲಾ ಗೆಳೆಯನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ‘ಕಡೀತನಕ ಕೈ ಕಟ್ಕೊಂಡ ಕುಂದ್ರಾಕ ನನ್ನ ಯಾಕ ಕರೀತಿ ಮಾರಾಯಾ?’ ಅನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ: ಠೇಕಾ ಇಲ್ಲದೆ ಮಂದಿ ಕೂರುವುದಿಲ್ಲ. ಈ ಜಗಳ ಇನ್ನೂ ಹರಿದಿಲ್ಲ.